ಬೂಷ್ಟು, ಕಲ್ಲುಹೂ ಮತ್ತು ಪಾಠಶುದ್ಧಿ: ಕನ್ನಡದ ಕರಾವಳಿಯಿಂದ ಕೊಲ್ಲಿಯ ಕರಾವಳಿಯವರೆಗೆ

ಪ್ರಾಚೀನ ಕೃತಿಗಳ ಪಾಠಾಂತರಗಳನ್ನು ವಿವೇಚಿಸುವಾಗ ಲಿಪಿಕಾರನ ಕೈತಪ್ಪು, ಮೂಲಪ್ರತಿಯ ತ್ರುಟಿ, ಗೆದ್ದಲು ಮತ್ತು ಹುಳುಗಳ ಹಾವಳಿ ಮೊದಲಾದ ಕಾರಣಗಳನ್ನು ಸಂಪಾದಕರು ಗಣನೆಗೆ ತರುತ್ತಾರೆ. ಶಿಲೀಂಧ್ರವನ್ನು ಈ ಪಟ್ಟಿಯಲ್ಲಿ ಸೇರಿಸುವುದು ವಿರಳ. ಹುಳು ತಿಂದ ಕಡೆ ರಂಧ್ರ ಕಾಣುವುದರಿಂದ ಅಲ್ಲಿ ಅಕ್ಷರವಿಲ್ಲವೆಂದು ತಿಳಿಯುತ್ತದೆ. ಶಿಲೀಂಧ್ರವಾದರೋ ಅಕ್ಷರವನ್ನು ಅಳಿಸುವುದರ ಜೊತೆಗೆ ಇಲ್ಲದ ಗುರುತನ್ನೂ ಮೂಡಿಸುತ್ತದೆ. ಆದ್ದರಿಂದ ಅದರ ಸ್ವಭಾವವನ್ನು ತಿಳಿಯುವುದು ಗ್ರಂಥಪಾಲಕರಿಗೆ ಮಾತ್ರವಲ್ಲ, ಗ್ರಂಥಸಂಪಾದಕರಿಗೂ ಅಗತ್ಯ.

ಶಿಲೀಂಧ್ರದ ಬೀಜಕಣಗಳು ಗಾಳಿಯಲ್ಲಿ ಎಲ್ಲೆಡೆ ಇರುತ್ತವೆ. ಆಸ್ಪರ್ಜಿಲಸ್, ಪೆನಿಸಿಲಿಯಂ, ಕ್ಲಾಡೊಸ್ಪೋರಿಯಂ, ಕೀಟೋಮಿಯಂ ಎಂಬ ಕುಲಗಳು ಗ್ರಂಥಾಲಯಗಳಲ್ಲಿ ಮತ್ತೆ ಮತ್ತೆ ಕಂಡುಬರುತ್ತವೆ. ಸಾಪೇಕ್ಷ ಆರ್ದ್ರತೆ ಸುಮಾರು ಶೇ. 65ರಿಂದ 70ನ್ನು ಮೀರಿ ಕೆಲವು ದಿನ ನಿಂತರೆ ಇವು ಮೊಳೆಯತೊಡಗುತ್ತವೆ. ಎಳೆಗಳು ಹೊರಹಾಕುವ ಕಿಣ್ವಗಳು ಕಾಗದದ ಸೆಲ್ಯುಲೋಸನ್ನು, ಹೊಲಿಗೆಯ ಅಂಟನ್ನು, ರಟ್ಟಿನ ಗಂಜಿಯನ್ನು, ಚರ್ಮದ ಹೊದಿಕೆಯನ್ನು ಕರಗಿಸಿ ಆಹಾರವಾಗಿಸಿಕೊಳ್ಳುತ್ತವೆ. ಜೊತೆಯಲ್ಲಿ ಹೊರಬರುವ ಆಮ್ಲಗಳು ಹಾಳೆಯನ್ನು ದುರ್ಬಲಗೊಳಿಸುತ್ತವೆ. ವರ್ಣದ್ರವ್ಯಗಳು ಕಂದು, ಕಪ್ಪು, ಹಸುರು ಕಲೆಗಳನ್ನು ಉಳಿಸುತ್ತವೆ. ಬೂಷ್ಟನ್ನು ಒರೆಸಿದರೂ ಕಲೆ ಹೋಗುವುದಿಲ್ಲ, ಏಕೆಂದರೆ ಅದು ನಾರಿನ ಒಳಗಿರುತ್ತದೆ.

ತಾಳೆಯೋಲೆಯ ಹೊರಪದರ ಸಹಜವಾಗಿ ನೀರನ್ನು ತಡೆಯುತ್ತದೆ. ಆದರೆ ಕಂಟದಿಂದ ಅಕ್ಷರ ಕೊರೆದಾಗ ಆ ಪದರವೇ ಸೀಳುತ್ತದೆ. ಓಲೆಯ ಮೇಲ್ಮೈಯಲ್ಲಿ ತೇವಕ್ಕೆ ಅತ್ಯಂತ ಸುಲಭವಾಗಿ ಎಡೆಗೊಡುವ ಜಾಗ ಅಕ್ಷರದ ಗೀರೇ ಆಗಿರುತ್ತದೆ. ಗೀರಿಗೆ ತುಂಬಿದ ಮಸಿ ಮತ್ತು ಎಣ್ಣೆಗೆ ಧೂಳು ಅಂಟಿದರೆ ಶಿಲೀಂಧ್ರಕ್ಕೆ ಅದೂ ಆಹಾರವಾಗುತ್ತದೆ. ಬಜೆಯ ಗಂಟು, ಬೇವಿನ ಎಲೆ, ಅರಿಸಿನ ಸವರಿದ ದಾರ, ಬಿಗಿಯಾಗಿ ಸುತ್ತಿದ ಬಟ್ಟೆ, ವರ್ಷಕ್ಕೊಮ್ಮೆ ಕಟ್ಟು ಬಿಚ್ಚಿ ನೋಡುವ ರೂಢಿ, ಇವೆಲ್ಲ ಹಿರಿಯರು ಈ ಅಪಾಯವನ್ನು ಬಲ್ಲವರಾಗಿದ್ದುದಕ್ಕೆ ಸಾಕ್ಷಿ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾ, ಜಯಧವಲಾ, ಮಹಾಧವಲಾ ಗ್ರಂಥಗಳ ಓಲೆಗಳು ವರ್ಷಕ್ಕೆ 3500 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಸೀಮೆಯಲ್ಲಿ ಶತಮಾನಗಳ ಕಾಲ ಉಳಿದುಬಂದವು. ಪ್ರಾಕೃತ ಸಿದ್ಧಾಂತಗ್ರಂಥಗಳು ಹಳಗನ್ನಡ ಲಿಪಿಯ ಈ ಪ್ರತಿಗಳಿಂದಲೇ ಇಂದಿನ ಲೋಕಕ್ಕೆ ದೊರೆತಿವೆ ಎಂಬುದನ್ನು ನೆನೆದರೆ ಆ ಪಾಲನೆಯ ಬೆಲೆ ತಿಳಿಯುತ್ತದೆ.

ಪಾಠದ ಮೇಲೆ ಶಿಲೀಂಧ್ರದ ಪರಿಣಾಮಕ್ಕೆ ಸಣ್ಣದೊಂದು ನಿದರ್ಶನ ಸಾಕು. ‘ಅರಸನ’ ಎಂಬುದು ಷಷ್ಠಿ. ‘ಅರಸನಂ’ ಎಂಬುದು ದ್ವಿತೀಯೆ. ಎರಡರ ಅಂತರ ಒಂದು ಸೊನ್ನೆ ಮಾತ್ರ. ಕಂದು ಚುಕ್ಕೆಯೊಂದು ಸರಿಯಾದ ಜಾಗದಲ್ಲಿ ಮೂಡಿದರೆ, ಅದೂ ಕಪ್ಪು ಬಿಳುಪಿನ ಛಾಯಾಚಿತ್ರದಲ್ಲಿ, ವಿಭಕ್ತಿಯೇ ಬದಲಾಗುತ್ತದೆ. ‘ಎನ್ನ’ ಎಂಬುದನ್ನು ‘ಎಂನ’ ಎಂದು ಬರೆಯುವ ಪ್ರತಿಗಳಲ್ಲಿ ಸೊನ್ನೆ ದ್ವಿತ್ವದ ಗುರುತೂ ಆಗುವುದರಿಂದ ಗೊಂದಲ ಮತ್ತಷ್ಟು ಹೆಚ್ಚುತ್ತದೆ. ಹಾಗೆಯೇ ಒಳಗೀರೊಂದು ಮುಚ್ಚಿಹೋದರೆ ಷಕಾರ ಪಕಾರವಾಗಿ ಕಾಣುತ್ತದೆ. ಪದ್ಯದಲ್ಲಿ ಛಂದಸ್ಸು ನೆರವಿಗೆ ಬರುತ್ತದೆ: ‘ಅರಸನ’ ನಾಲ್ಕು ಮಾತ್ರೆ, ‘ಅರಸನಂ’ ಐದು ಮಾತ್ರೆ. ಗದ್ಯದಲ್ಲಿ ಆ ಕಾವಲಿಲ್ಲ. ಓಲೆಯನ್ನು ಓರೆಬೆಳಕಿನಲ್ಲಿ ನೋಡಿದರೆ ಕೊರೆದ ಗೀರಿಗೆ ನೆರಳುಂಟು, ಕಲೆಗೆ ನೆರಳಿಲ್ಲ. ಈ ಭೇದವನ್ನು ಆಶ್ರಯಿಸಿ ಸಂದೇಹವನ್ನು ಪರಿಹರಿಸಬಹುದು.

ಶಿಲಾಶಾಸನಗಳ ಶತ್ರು ಬೇರೆ. ನಮ್ಮ ಅಡುಗೆಮನೆಗಳಲ್ಲಿ ಮಸಾಲೆಯಾಗಿ ಪರಿಚಿತವಾದ ಕಲ್ಲುಹೂ ಒಂದು ಗಿಡವಲ್ಲ. ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಜೀವಿ. ಪಾಚಿ ಬೆಳಕಿನಿಂದ ಆಹಾರ ಸಿದ್ಧಪಡಿಸುತ್ತದೆ, ಶಿಲೀಂಧ್ರ ಕಲ್ಲನ್ನು ಹಿಡಿದು ತೇವವನ್ನು ಕಾಪಾಡುತ್ತದೆ. ಅದರ ಎಳೆಗಳು ಕಲ್ಲಿನ ಕಣಗಳ ನಡುವೆ ಮಿಲಿಮೀಟರುಗಳಷ್ಟು ಒಳನುಗ್ಗುತ್ತವೆ. ಮಳೆಗೆ ಉಬ್ಬಿ, ಬಿಸಿಲಿಗೆ ಕುಗ್ಗುವಾಗ ಕಣಗಳು ಸಡಿಲಗೊಳ್ಳುತ್ತವೆ. ಅದು ಸ್ರವಿಸುವ ಆಕ್ಸಾಲಿಕ್ ಆಮ್ಲ ಖನಿಜಗಳ ಕ್ಯಾಲ್ಸಿಯಮ್ಮಿನೊಡನೆ ಸೇರಿ ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಪದರವನ್ನು ಕಟ್ಟುತ್ತದೆ. ಸುಣ್ಣಕಲ್ಲಿನ ಮೇಲೆ ಈ ಹಾನಿ ಬೇಗ, ಕಣಶಿಲೆಯ ಮೇಲೆ ನಿಧಾನ.

ಇಲ್ಲಿ ಅವಸರ ಹೆಚ್ಚು ಅಪಾಯಕಾರಿ. ತಂತಿ ಕುಂಚದಿಂದ ಉಜ್ಜಿದರೆ ಕಲ್ಲುಹೂವಿನೊಡನೆ ಅದು ಹಿಡಿದ ಕಣಗಳೂ, ಎಂದರೆ ಅಕ್ಷರದ ಅಂಚೂ, ಕಳಚಿಬರುತ್ತವೆ. ಆಮ್ಲ ಬಳಸಿದರೆ ಕಲ್ಲೇ ಕರಗುತ್ತದೆ. ಅಕ್ಷರ ಎದ್ದು ಕಾಣಲೆಂದು ಹಿಟ್ಟನ್ನು ಬಳಿಯುವ ರೂಢಿ ಕೆಲವೆಡೆ ಇದೆ. ತೊಳೆಯದೆ ಬಿಟ್ಟ ಹಿಟ್ಟು, ಪೂಜೆಗೊಳ್ಳುವ ಕಲ್ಲಿಗೆ ಸುರಿದ ಹಾಲು ಮತ್ತು ಎಣ್ಣೆ ಬೂಷ್ಟಿಗೆ ಬಡಿಸಿದ ಊಟ. ಬಿ.ಎಲ್. ರೈಸ್ ಅವರು 1889ರಲ್ಲಿ ಪ್ರಕಟಿಸಿದ ಶ್ರವಣಬೆಳಗೊಳದ ಶಾಸನಸಂಪುಟವೂ, ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದ ಆವೃತ್ತಿಯೂ ಇದೇ ಕಾರಣಕ್ಕೆ ಬೆಲೆಯುಳ್ಳವು: ಇಂದು ಕಲ್ಲಿನ ಮೇಲೆ ಮಸುಕಾದ ಅಕ್ಷರಕ್ಕೆ ಅಂದಿನ ಓದು ಸಾಕ್ಷಿಯಾಗುತ್ತದೆ.

ಮರುಭೂಮಿಯ ನಾಡಿನಲ್ಲಿ ಇಂಥ ಭಯವಿಲ್ಲವೆಂಬ ನಂಬಿಕೆ ಸಾಮಾನ್ಯ. ದುಬೈ ಮತ್ತು ಅಬುಧಾಬಿಗಳ ಅನುಭವ ಅದನ್ನು ಅಲ್ಲಗಳೆಯುತ್ತದೆ. ಎರಡೂ ಕಡಲತೀರದ ನಗರಗಳು. ಬೇಸಗೆಯ ಗಾಳಿಯಲ್ಲಿ ಮಳೆಯಿಲ್ಲದೆಯೂ ನೀರಿನ ಅಂಶ ತುಂಬಿರುತ್ತದೆ. 1787ರಷ್ಟು ಹಳೆಯದಾದ ದುಬೈಯ ಅಲ್ ಫಹೀದಿ ಕೋಟೆಯೂ ಅಬುಧಾಬಿಯ ಕಸ್ರ್ ಅಲ್ ಹೊಸ್ನ್ ಕೋಟೆಯೂ ಕಡಲಿನ ಹವಳಗಲ್ಲಿನಿಂದ ಕಟ್ಟಿದವು. ಕಸ್ರ್ ಅಲ್ ಹೊಸ್ನ್‌ನ ಗೋಡೆಗಳಿಗೆ ಇಪ್ಪತ್ತನೆಯ ಶತಮಾನದಲ್ಲಿ ಬಳಿದ ಬಿಳಿಯ ಗಾರೆ ಹವಳಗಲ್ಲಿನೊಳಗೆ ತೇವವನ್ನು ಬಂಧಿಸಿ ಹಾನಿಮಾಡುತ್ತಿದ್ದುದರಿಂದ, 2018ರಲ್ಲಿ ಕೋಟೆ ಮತ್ತೆ ತೆರೆಯುವ ಮುನ್ನ ಅದನ್ನು ತೆಗೆಯಲಾಯಿತು. ರಕ್ಷಣೆಗೆಂದು ಹಚ್ಚಿದ ಲೇಪವೇ ಉಸಿರು ಕಟ್ಟಿಸುವುದು ನಮ್ಮ ಶಾಸನಗಳ ಮೇಲೆ ಬಣ್ಣ ಬಳಿಯುವವರೂ ಗಮನಿಸಬೇಕಾದ ಪಾಠ.

ಪುಸ್ತಕಗಳ ಮಟ್ಟಿಗೆ ಅಲ್ಲಿನ ಮುಖ್ಯ ಸಮಸ್ಯೆ ಹವಾನಿಯಂತ್ರಣದ್ದು. 35 ಡಿಗ್ರಿ ಉಷ್ಣತೆ, ಶೇ. 60 ಆರ್ದ್ರತೆಯ ಗಾಳಿ ಸುಮಾರು 26 ಡಿಗ್ರಿಗೆ ತಣಿದರೆ ಅದರಲ್ಲಿನ ಆವಿ ನೀರಾಗುತ್ತದೆ. 22 ಡಿಗ್ರಿಯ ಕೋಣೆಯಲ್ಲಿದ್ದ ಪುಸ್ತಕಕ್ಕೆ ಅಂಥ ಗಾಳಿ ತಗುಲಿದೊಡನೆ ರಟ್ಟಿನ ಮೇಲೆ ಇಬ್ಬನಿ ಕೂಡುತ್ತದೆ. ಜುಲೈ, ಆಗಸ್ಟ್ ತಿಂಗಳ ರಜೆಗೆ ಕನ್ನಡ ಕುಟುಂಬಗಳು ಊರಿಗೆ ತೆರಳುವಾಗ ಯಂತ್ರವನ್ನು ಆರಿಸಿ ಮನೆ ಮುಚ್ಚಿದರೆ, ನಿಂತ ಗಾಳಿ ಮತ್ತು ಏರಿದ ಆರ್ದ್ರತೆ ಕೆಲವೇ ವಾರಗಳಲ್ಲಿ ಕಪಾಟನ್ನು ಬೂಷ್ಟಿನ ತೋಟವಾಗಿಸಬಲ್ಲವು. ಪುಸ್ತಕಗಳನ್ನು ಹೊರಗೋಡೆಯಿಂದ ದೂರವಿಡುವುದು, ಕಪಾಟಿನಲ್ಲಿ ಗಾಳಿಯಾಡಲು ಎಡೆ ಬಿಡುವುದು, ಆರ್ದ್ರತಾಮಾಪಕವನ್ನಿಟ್ಟು ಶೇ. 60ರ ಒಳಗೆ ಕಾಯುವುದು ಸರಳ ಉಪಾಯಗಳು. ಬೂಷ್ಟು ಬಂದ ಪುಸ್ತಕವನ್ನು ಬೇರ್ಪಡಿಸಿ, ಮುಖಗವಸು ತೊಟ್ಟು, ಒಣಗಿಸಿದ ಬಳಿಕವೇ ಮೃದು ಕುಂಚದಿಂದ ಶುಚಿಮಾಡಬೇಕು. ಹಸಿಯಾಗಿ ಒರೆಸಿದರೆ ಕಲೆ ಹರಡುತ್ತದೆ. ಒಣಗಿದ ಬೀಜಕಣ ಸಾಯದೆ ಕಾಯುತ್ತಿರುವುದರಿಂದ, ಮರಳಿ ತೇವವಾಗದಂತೆ ನೋಡುವುದೇ ನಿಜವಾದ ಚಿಕಿತ್ಸೆ. ಹಸ್ತಪ್ರತಿಗಳ ಸಂರಕ್ಷಣೆಗೆ ಹೆಸರಾದ ದುಬೈಯ ಜುಮಾ ಅಲ್ ಮಜೀದ್ ಕೇಂದ್ರ ಅರಬಿ ಹಸ್ತಪ್ರತಿಗಳ ಜೀರ್ಣೋದ್ಧಾರವನ್ನೂ ಅವುಗಳ ಪ್ರತಿಬಿಂಬ ಸಂಗ್ರಹವನ್ನೂ ಜೊತೆಜೊತೆಯಾಗಿ ನಡೆಸುತ್ತಿರುವುದು ನಮಗೂ ಮಾದರಿ.

ಪೂರ್ವಿಕರ ಓಲೆಕಟ್ಟನ್ನು ಜೊತೆಗೊಯ್ಯಬಯಸುವವರು ಒಂದು ಸಂಗತಿಯನ್ನು ಮರೆಯಬಾರದು. 1972ರ ಭಾರತೀಯ ಪುರಾವಸ್ತು ಕಾಯಿದೆಯಂತೆ, 75 ವರ್ಷಕ್ಕೆ ಕಡಿಮೆಯಿಲ್ಲದ, ಸಾಹಿತ್ಯಕ ಅಥವಾ ಐತಿಹಾಸಿಕ ಮೌಲ್ಯದ ಹಸ್ತಪ್ರತಿ ಪುರಾವಸ್ತು. ಖಾಸಗಿಯವರು ಅದನ್ನು ವಿದೇಶಕ್ಕೆ ಒಯ್ಯುವಂತಿಲ್ಲ. ಕಾನೂನು ಹೇಳುವುದನ್ನೇ ಓಲೆಯ ಪ್ರಕೃತಿಯೂ ಹೇಳುತ್ತದೆ: ಒಂದು ಹವೆಗೆ ಹೊಂದಿಕೊಂಡ ಗರಿಗೆ ತಂಪು ಮತ್ತು ಸೆಕೆಗಳ ನಡುವಿನ ಏರಿಳಿತ ಸಲ್ಲದು. ಓಲೆ ಊರಿನಲ್ಲಿರಲಿ, ತಜ್ಞರ ಕಣ್ಗಾವಲಿನಲ್ಲಿರಲಿ. ಅದರ ಸ್ಪಷ್ಟವಾದ, ಓರೆಬೆಳಕಿನಲ್ಲಿ ತೆಗೆದ ಬಣ್ಣದ ಪ್ರತಿಬಿಂಬ ದುಬೈಯ ಮನೆಗೂ ಮೈಸೂರಿನ ವಿದ್ವಾಂಸರಿಗೂ ಸಮಾನವಾಗಿ ದೊರೆಯಲಿ. ಮುಂದಿನ ಮಳೆಗಾಲಕ್ಕೆ ಮುಂಚೆ ತೆಗೆದ ಒಂದು ಚಿತ್ರ, ಮುಂದಿನ ಸಂಪಾದಕನಿಗೆ ಕಲೆ ಯಾವುದು, ಅಕ್ಷರ ಯಾವುದು ಎಂಬ ನಿರ್ಣಯಕ್ಕೆ ಏಕೈಕ ಆಧಾರವಾಗಬಹುದು.