ಮೀನು ಸತ್ತು ಸೀಗಡಿ ಉಳಿಯಿತೇ? ಉಪ್ಪುನೀರಿನ ಅಕ್ವೇರಿಯಂ ಸಾವಿಗೆ ಕಾರಣ ಹುಡುಕುವುದು ಹೀಗೆ

ರಾತ್ರಿ ಚೆನ್ನಾಗಿಯೇ ಓಡಾಡುತ್ತಿದ್ದ ಮೀನುಗಳು ಬೆಳಗ್ಗೆ ಎದ್ದು ನೋಡಿದರೆ ತಳದಲ್ಲಿ ಬಿದ್ದಿರುತ್ತವೆ. ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟ ಅನೇಕರು ಇದನ್ನು ಕಂಡಿರಬಹುದು. ಗಾಬರಿಯಲ್ಲಿ ಹೆಚ್ಚಿನವರು ಮಾಡುವುದೇನೆಂದರೆ, ನೀರನ್ನು ಪೂರ್ತಿ ಚೆಲ್ಲಿ, ಕಲ್ಲು ಮರಳು ತಿಕ್ಕಿ ತೊಳೆದು, ಹೊಸ ನೀರು ತುಂಬಿಸುವುದು. ಅಲ್ಲಿಗೆ ಸಾವಿನ ಕಾರಣವೂ ಚರಂಡಿ ಸೇರಿತು. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾವನ್ನು ಕರಗಿಸುವ ಬ್ಯಾಕ್ಟೀರಿಯಾ ಇರುವುದೂ ಆ ಕಲ್ಲು ಮರಳಿನಲ್ಲೇ. ಅದನ್ನು ತೊಳೆದರೆ ಬದುಕಿ ಉಳಿದವಕ್ಕೂ ಅಪಾಯ.

ಮೊದಲು ಶುದ್ಧ ಬಾಟಲಿಯಲ್ಲಿ ಅರ್ಧ ಲೀಟರ್ ನೀರು ತೆಗೆದಿಡಿ. ಸತ್ತದ್ದನ್ನು ಹೊರಗೆ ತೆಗೆಯಿರಿ. ಆಮೇಲೆ ಯಾವುದು ಸತ್ತಿದೆ, ಯಾವುದು ಉಳಿದಿದೆ ಎಂದು ನೋಡಿ. ಅರ್ಧ ಉತ್ತರ ಅಲ್ಲೇ ಇದೆ. (ಸೀಗಡಿ ಪೊರೆ ಕಳಚಿದಾಗ ಖಾಲಿ ಚಿಪ್ಪು ಸತ್ತ ಸೀಗಡಿಯಂತೆಯೇ ಕಾಣುತ್ತದೆ. ಸತ್ತಿತೆಂದು ಲೆಕ್ಕ ಹಾಕುವ ಮೊದಲು ಕಲ್ಲಿನ ಸಂದಿಯಲ್ಲಿ ಹುಡುಕಿ!)

ಮೀನುಗಳು, ಅದರಲ್ಲೂ ದೊಡ್ಡವು, ಒಂದೇ ರಾತ್ರಿಯಲ್ಲಿ ಸತ್ತು ಏಡಿ, ಶಂಖದ ಹುಳುಗಳು ಬದುಕಿದ್ದರೆ ಮೊದಲ ಸಂಶಯ ಆಮ್ಲಜನಕದ ಮೇಲೆ. 27 ಡಿಗ್ರಿ ಸೆಲ್ಸಿಯಸ್‌ನ ಸಿಹಿನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟರೆ ಸಮುದ್ರದ ನೀರು ಹಿಡಿಯುವುದು ಆರೂವರೆಯಷ್ಟೇ. ರಾತ್ರಿ ಪಾಚಿಯೂ ಆಮ್ಲಜನಕ ತಯಾರಿಸುವುದಿಲ್ಲ, ಬದಲಿಗೆ ಬಳಸುತ್ತದೆ. ಹಾಗಾಗಿ ನಸುಕಿನಲ್ಲಿ ಕೊರತೆ ಹೆಚ್ಚು. ಕಾಸರಗೋಡಿನ ಮಳೆಗಾಲದಲ್ಲಿ ತಂತಿಯ ಮೇಲೆ ತೆಂಗಿನ ಮಡಲು ಬಿದ್ದು ಇಡೀ ರಾತ್ರಿ ಕರೆಂಟು ಹೋದರೆ ಕೇಳಬೇಕೇ? ಬ್ಯಾಟರಿಯ ಏರ್ ಪಂಪ್ ಒಂದಿದ್ದರೆ ಬಚಾವು. ಇನ್ನೊಂದು ಗಮನಿಸಬೇಕಾದದ್ದಿದೆ. ಕರೆಂಟಿಲ್ಲದೆ ಗಂಟೆಗಟ್ಟಲೆ ನಿಂತ ಮುಚ್ಚಿದ ಡಬ್ಬದ ಫಿಲ್ಟರಿನೊಳಗೆ ನೀರು ಕೊಳೆತು ವಿಷವಾಗಿರುತ್ತದೆ. ಕರೆಂಟು ಬಂದೊಡನೆ ಅದು ತೊಟ್ಟಿಗೆ ನುಗ್ಗುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದೇ. ಮೊದಲು ಫಿಲ್ಟರ್ ಬಿಚ್ಚಿ, ಆ ನೀರು ಚೆಲ್ಲಿ, ಬಳಿಕ ಸ್ವಿಚ್ ಹಾಕಿ.

ಮೀನುಗಳೇ ಸತ್ತವು, ಆದರೆ ಒಂದೇ ರಾತ್ರಿಯಲ್ಲಲ್ಲ, ಎರಡು ಮೂರು ದಿನಗಳಲ್ಲಿ ಒಂದೊಂದಾಗಿ ಎಂದಾದರೆ ರೋಗವಿರಬಹುದು. ಇತ್ತೀಚೆಗೆ ಹೊಸ ಮೀನು ತಂದಿದ್ದೀರಾ? ವೆಲ್ವೆಟ್ ರೋಗದ ಪರಾವಲಂಬಿ ಕಿವಿರಿಗೆ ಅಂಟಿ ಮೀನಿನ ಉಸಿರು ಕಟ್ಟಿಸುತ್ತದೆ. ಮೈಮೇಲೆ ಸಣ್ಣ ಹೊನ್ನ ಧೂಳಿನಂತೆ ಕಾಣುವುದುಂಟು, ಕಾಣುವ ಮೊದಲೇ ಸಾಯುವುದೂ ಉಂಟು. ಸೀಗಡಿಗೆ ಇದು ತಗಲುವುದಿಲ್ಲ. ತೊಟ್ಟಿಯನ್ನು ಕನಿಷ್ಠ 6 ವಾರ ಮೀನಿಲ್ಲದೆ ಬಿಡಬೇಕು.

ಈಗ ತಿರುಗುಮುರುಗು. ಮೀನುಗಳು ಬದುಕಿವೆ, ಸೀಗಡಿ, ಏಡಿ, ಶಂಖದ ಹುಳುಗಳು ಸತ್ತಿವೆ. ತಾಮ್ರ! ವೆಲ್ವೆಟ್ ರೋಗಕ್ಕೆ ಕೊಡುವ ಔಷಧಿಯಲ್ಲೇ ತಾಮ್ರ ಇರುತ್ತದೆ, ಮೀನು ಅದನ್ನು ಸ್ವಲ್ಪ ತಡೆದುಕೊಳ್ಳುತ್ತದೆ, ಇವು ತಡೆಯುವುದಿಲ್ಲ. ಔಷಧಿಯನ್ನೇ ಹಾಕಿಲ್ಲವೆಂದರೆ ಉಪ್ಪುನೀರು ಕಲಸಿದ ಬಕೆಟ್ ಯಾವುದೆಂದು ನೆನಪು ಮಾಡಿಕೊಳ್ಳಿ. ಅಡಿಕೆ ತೋಟವಿರುವ ನಮ್ಮ ಕಡೆಯ ಮನೆಗಳಲ್ಲಿ ಕೊಳೆರೋಗಕ್ಕೆ ಬೋರ್ಡೋ ಕಲಸಿದ ಬಕೆಟ್ ಬೇರೆ ಕೆಲಸಕ್ಕೂ ಬಳಕೆಯಾಗುತ್ತದೆ. ಮೈಲುತುತ್ತಿನ ಕಾಲುಭಾಗ ತಾಮ್ರವೇ. 200 ಲೀಟರ್ ತೊಟ್ಟಿಯಲ್ಲಿ ಲೀಟರಿಗೆ 0.1 ಮಿಲಿಗ್ರಾಂ ತಾಮ್ರವಾಗಲು 80 ಮಿಲಿಗ್ರಾಂ ಮೈಲುತುತ್ತು ಸಾಕು. ಒಂದು ಚಿಟಿಕೆಗೂ ಕಡಿಮೆ! ಸೀಗಡಿಗೆ ಅಷ್ಟೇ ಅಪಾಯ.

ಸೀಗಡಿ, ಏಡಿ ಮಾತ್ರ ಸತ್ತು ಶಂಖದ ಹುಳು ನಿಶ್ಚಿಂತೆಯಿಂದ ಗಾಜು ಹತ್ತುತ್ತಿದ್ದರೆ ತಾಮ್ರವನ್ನು ಬಿಟ್ಟು ಸೊಳ್ಳೆ ಅಥವಾ ಜಿರಳೆಯ ಸ್ಪ್ರೇಯನ್ನು ಸಂಶಯಿಸಿ. ಅದರಲ್ಲಿರುವ ಪೈರೆಥ್ರಾಯ್ಡ್ ಮೂಲತಃ ಕೀಟನಾಶಕ. ಸೀಗಡಿ, ಏಡಿ ಕೀಟಗಳ ಹತ್ತಿರದ ನೆಂಟರು. ಪ್ರಮಾಣ ಜಾಸ್ತಿಯಾದರೆ ಮೀನೂ ಸಾಯುತ್ತದೆ. ಕೋಣೆಯ ಗಾಳಿಯನ್ನು ಎಳೆದು ನೀರಿಗೆ ಬಿಡುವ ಏರ್ ಪಂಪ್ ಇಲ್ಲಿ ಶತ್ರು.

ಎಲ್ಲವೂ ಒಟ್ಟಿಗೆ ಸತ್ತಿದ್ದರೆ ತೆಗೆದಿಟ್ಟ ಬಾಟಲಿ ನೀರಿನಲ್ಲಿ ಅಮೋನಿಯಾ ಪರೀಕ್ಷಿಸಿ. ಹಳೆಯ, ಹದವಾದ ತೊಟ್ಟಿಯಲ್ಲಿ ಅದು ಸೊನ್ನೆ ಇರಬೇಕು. ಸಮುದ್ರದ ನೀರಿನ ಪಿಎಚ್ 8ಕ್ಕಿಂತ ಮೇಲಿರುವುದರಿಂದ ಅಷ್ಟೇ ಅಮೋನಿಯಾ ಸಿಹಿನೀರಿಗಿಂತ ಇಲ್ಲಿ ಹೆಚ್ಚು ವಿಷ. ಆದರೆ ಅಮೋನಿಯಾ ಸಿಕ್ಕಿದ ಮಾತ್ರಕ್ಕೆ ಕೊಲೆಗಾರ ಸಿಕ್ಕಿದನೆನ್ನಬೇಡಿ. ಬೇರೆ ಕಾರಣದಿಂದ ಸತ್ತ ಮೀನು ಕೊಳೆತರೂ ಅಮೋನಿಯಾ ಏರುತ್ತದೆ. ಮೊದಲ ಸಾವು ಯಾವಾಗ ಆಯಿತು ಎಂಬುದು ಮುಖ್ಯ. ಉಪ್ಪಿನಂಶವನ್ನೂ ಅಳೆಯಿರಿ. ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಕಡಿಮೆಯಾದ ನೀರಿಗೆ ಮತ್ತೆ ಉಪ್ಪುನೀರನ್ನೇ ಸುರಿಯುತ್ತಾ ಹೋದರೆ ಅಂಶ ಏರುತ್ತದೆ. ಕ್ಲೋರಿನ್ ತೆಗೆದ ಸಿಹಿನೀರನ್ನೇ ಹಾಕಬೇಕು.

ಕಡಲ ಸೌತೆ ಗಾಯಗೊಂಡರೂ ವಿಷ ಬಿಟ್ಟು ಇಡೀ ತೊಟ್ಟಿಯ ಮೀನು ಕೊಲ್ಲಬಲ್ಲದು. ಭಾರತದಲ್ಲಿ ಅದನ್ನು ಹಿಡಿಯುವುದು, ಸಾಕುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ, ಆದ್ದರಿಂದ ಆ ಮಾತು ಇಲ್ಲಿಗೆ ಬಿಡೋಣ.

ತಾಮ್ರ ಎಂದು ಖಚಿತವಾದರೆ ಒಂದು ಸಲ ನೀರು ಬದಲಿಸಿ ಸುಮ್ಮನಾಗಬೇಡಿ. ಹವಳದ ಕಲ್ಲು, ಸುಣ್ಣದ ಮರಳು ತಾಮ್ರವನ್ನು ಹಿಡಿದಿಟ್ಟುಕೊಂಡು ಮತ್ತೆ ಮತ್ತೆ ನೀರಿಗೆ ಬಿಡುತ್ತವೆ. ಆಕ್ಟಿವೇಟೆಡ್ ಕಾರ್ಬನ್ ಹಾಕಿ, ಕೆಲವು ವಾರ ಬಿಟ್ಟು ಬಿಟ್ಟು ತಾಮ್ರದ ಕಿಟ್‌ನಲ್ಲಿ ಪರೀಕ್ಷಿಸಿ, ಸತತವಾಗಿ ಸೊನ್ನೆ ಬಂದ ಮೇಲೆ ಮೊದಲು ಒಂದೇ ಒಂದು ಸೀಗಡಿ ಬಿಟ್ಟು ನೋಡಿ.