ಅಟ್ಟವಿಲ್ಲದ ಮನೆ, ಮಳೆಗಾಲದ ಡಬ್ಬಿ

ಮೇ ತಿಂಗಳ ಕೊನೆಯ ಭಾನುವಾರಗಳಲ್ಲಿ ಕಾರವಾರದ ಸಂತೆಗೆ ಕಾಲಿಟ್ಟವರಿಗೆ ಊರು ಯಾವುದೋ ದಿಗ್ಬಂಧನಕ್ಕೆ ಸಜ್ಜಾಗುತ್ತಿದೆಯೇನೋ ಎನಿಸಿದರೆ ಆಶ್ಚರ್ಯವಿಲ್ಲ. ಒಣಮೆಣಸು, ಕೊತ್ತಂಬರಿ, ಹುಣಸೆ, ಒಣಗಿಸಿದ ಮುರುಗಲು ಸಿಪ್ಪೆ, ಕುಮಟಾ ಕಡೆಯ ಸಿಹಿ ಈರುಳ್ಳಿಯ ಗೊಂಚಲು, ಒಣ ಬಂಗುಡೆ, ಒಣ ಸಿಗಡಿ. ಜನ ಇವನ್ನು ಕೊಳ್ಳುವುದು ಕಿಲೋ ಲೆಕ್ಕದಲ್ಲಲ್ಲ, ಚೌತಿಯವರೆಗಿನ ಲೆಕ್ಕದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ವರ್ಷಕ್ಕೆ ಮೂರು ಸಾವಿರ ಮಿ.ಮೀ. ಆಸುಪಾಸು ಬೀಳುವ ಮಳೆಯ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಅಂಕೋಲೆಯಲ್ಲಿ ಬಂಡಿಹಬ್ಬ ಮುಗಿಯಿತೆಂದರೆ ಮನೆಯಾಕೆಯ ಕಣ್ಣು ಅಡುಗೆಮನೆಯ ಕಡೆಗೆ ತಿರುಗುತ್ತದೆ: ತಂದದ್ದನ್ನೆಲ್ಲ ಎಲ್ಲಿ ಇಡುವುದು, ಯಾವುದರಲ್ಲಿ ಇಡುವುದು?

ಹಿಂದಿನವರಿಗೆ ಈ ಪ್ರಶ್ನೆಗೆ ಮನೆಯೇ ಉತ್ತರವಾಗಿತ್ತು. ಒಲೆಯ ಮೇಲೆ ಅಟ್ಟ. ಅಲ್ಲಿ ಹೊಗೆ ಮತ್ತು ಬಿಸಿ ಗಾಳಿ ಹಗಲಿಡೀ ಆಡುತ್ತಿದ್ದುದರಿಂದ ಮೆಣಸು, ಹಪ್ಪಳ, ಬೀಜದ ಭತ್ತ ಎಲ್ಲವೂ ಬೆಚ್ಚಗಿರುತ್ತಿದ್ದವು. ಮೊಗೆಕಾಯಿಗಳು ಬಾಳೆನಾರಿನ ಉರುಳಿನಲ್ಲಿ ಒಂದಕ್ಕೊಂದು ತಾಗದಂತೆ ಜಂತಿಗೆ ಜೋತಾಡುತ್ತಿದ್ದವು. ತಾಗಿದ ಜಾಗದಲ್ಲೇ ಕೊಳೆ ಹುಟ್ಟುತ್ತದೆಂಬುದು ಅವರಿಗೆ ಗೊತ್ತಿತ್ತು. ಈರುಳ್ಳಿಯ ಗೊಂಚಲಿಗೂ ಅದೇ ನ್ಯಾಯ. ಉಪ್ಪು ಮರದ ಮರಿಗೆಯಲ್ಲಿ, ಮಿಡಿ ಉಪ್ಪಿನಕಾಯಿ ಬಟ್ಟೆ ಕಟ್ಟಿದ ಭರಣಿಯಲ್ಲಿ ಕತ್ತಲ ಕೋಣೆಯ ತಂಪು ಮೂಲೆಗೆ. ಒಲೆಯಿಂದ ಎಷ್ಟು ದೂರ ಎಂಬುದರ ಮೇಲೆ ಪ್ರತಿಯೊಂದು ಪದಾರ್ಥದ ಸ್ಥಾನ ನಿಗದಿಯಾಗಿರುತ್ತಿತ್ತು. ಅದನ್ನು ಯಾರೂ ವ್ಯವಸ್ಥೆ ಎಂದು ಕರೆಯಲಿಲ್ಲ ಎಂಬುದಷ್ಟೇ ವ್ಯತ್ಯಾಸ.

ಗ್ಯಾಸ್ ಬಂತು, ಹೊಗೆ ಹೋಯಿತು. ಹೊಗೆಯಲ್ಲಿ ಕಣ್ಣು, ಪುಪ್ಪುಸ ಕಳೆದುಕೊಂಡ ಹೆಂಗಸರ ನೆನಪಿರುವವರು ಯಾರೂ ಅದಕ್ಕಾಗಿ ಕಣ್ಣೀರು ಹಾಕಬೇಕಾಗಿಲ್ಲ. ಆದರೆ ಹೊಗೆಯೊಡನೆ ಬಿಸಿಯೂ ಹೋಯಿತು, ಅಟ್ಟವೂ ಹೋಯಿತು. ಈಗಿನ ಫ್ಲ್ಯಾಟುಗಳಲ್ಲಿ ಅದರ ಜಾಗಕ್ಕೆ ಬಂದಿರುವುದು ಬಾಗಿಲಿರುವ, ಗಾಳಿಯಾಡದ ಕಪಾಟು. ಮರದ ಹೊಟ್ಟನ್ನು ಒತ್ತಿ ಮಾಡಿದ ಹಲಗೆ ಕರಾವಳಿಯ ಎರಡನೇ ಮಳೆಗಾಲಕ್ಕೇ ಹೂರಣದಂತೆ ಉಬ್ಬುತ್ತದೆ. ನಮ್ಮ ಮನೆಯ ಕಪಾಟನ್ನು ಮಾಡಿಕೊಟ್ಟವರು ಅದರ ಮೇಲೆ ಹತ್ತು ವರ್ಷದ ಭರವಸೆ ಕೊಟ್ಟಿದ್ದರು. ಅವರು ಜುಲೈ ತಿಂಗಳಲ್ಲಿ ಈ ಕಡೆ ಬಂದವರಲ್ಲವೆಂದು ತೋರುತ್ತದೆ.

ತಪ್ಪು ನನ್ನದೂ ಇತ್ತು. ಹೊಸ ಮನೆಗೆ ಬಂದ ವರ್ಷ ಒಂದೇ ಅಳತೆಯ, ಒಂದೇ ಬಣ್ಣದ ಮುಚ್ಚಳದ ಎರಡು ಡಜನ್ ಗಾಳಿಯಾಡದ ಡಬ್ಬಿಗಳನ್ನು ತಂದು ಸಾಲಾಗಿ ಜೋಡಿಸಿದೆ. ನೋಡಲು ಔಷಧದ ಅಂಗಡಿಯಂತೆ ಚೆನ್ನಾಗಿತ್ತು. ಆಷಾಢದಲ್ಲಿ ಕೊತ್ತಂಬರಿಯ ಡಬ್ಬಿ ತೆರೆದರೆ ಬೂದುಬಣ್ಣದ ಬೂಷ್ಟು! ಅಂಕೋಲೆಯಿಂದ ಬಂದಿದ್ದ ಆಯಿ ಕೇಳಿದ್ದು ಒಂದೇ ಮಾತು: “ಬಿಸಿಲಿನಿಂದ ತಂದವಳೇ ಮುಚ್ಚಿಟ್ಟೆಯೇನೆ?” ಹೌದು, ಹಾಗೆಯೇ ಮಾಡಿದ್ದೆ. ಬಿಸಿಯಾಗಿ ಮುಚ್ಚಿದ ಕಾಳು ತಣಿಯುವಾಗ ಬಿಟ್ಟ ಹಬೆ ಡಬ್ಬಿಯೊಳಗೇ ನೀರಾಗುತ್ತದೆ. ಗಾಳಿಯಾಡದ ಡಬ್ಬಿ ಹೊರಗಿನ ತೇವವನ್ನು ತಡೆಯುವಷ್ಟೇ ನಿಷ್ಠೆಯಿಂದ ಒಳಗಿನ ತೇವವನ್ನೂ ಕಾಪಾಡುತ್ತದೆ. ಮಳೆಗಾಲದಲ್ಲಿ ಇಲ್ಲಿಯ ಗಾಳಿಯ ಆರ್ದ್ರತೆ ಶೇ 90ರ ಹತ್ತಿರ ಸುಳಿದಾಡುತ್ತದೆ. ಅಂಥ ಗಾಳಿಗೆ ತೆರೆದಿಟ್ಟ ಅಕ್ಕಿ ತಾನಾಗಿಯೇ ನೀರು ಹೀರಿ, ಸುರಕ್ಷಿತವೆನ್ನುವ ಶೇ 13–14ರ ತೇವಾಂಶವನ್ನು ದಾಟುತ್ತದೆ. ಆದ್ದರಿಂದ ಡಬ್ಬಿ ಬೇಕೇ ಬೇಕು. ಆದರೆ ಅದರ ಗುಣಕ್ಕಿಂತ ಅದನ್ನು ಮುಚ್ಚಿದ ದಿನದ ಗುಣ ಮುಖ್ಯ: ಮೇ ತಿಂಗಳ ಬಿಸಿಲಿನಲ್ಲಿ ಒಣಗಿಸಿ, ನೆರಳಿನಲ್ಲಿ ತಣಿಸಿ, ಆ ಮೇಲೆ ಮುಚ್ಚಬೇಕು. ಮಳೆಗಾಲದುದ್ದಕ್ಕೂ ದೊಡ್ಡ ಡಬ್ಬಿಯನ್ನು ದಿನಾ ತೆರೆಯದೆ, ವಾರಕ್ಕೆ ಬೇಕಾದಷ್ಟನ್ನು ಸಣ್ಣದಕ್ಕೆ ತೆಗೆದುಕೊಳ್ಳಬೇಕು. ನೆಲಗಡಲೆ, ಕೊಬ್ಬರಿಗಳಲ್ಲಿ ಬೂಷ್ಟು ಕಂಡರೆ ಒರೆಸಿ ಬಳಸುವ ಉಳಿತಾಯಬುದ್ಧಿ ಸಲ್ಲದು. ಅದರಲ್ಲಿ ಯಕೃತ್ತಿಗೆ ಮಾರಕವಾದ ಅಫ್ಲಾಟಾಕ್ಸಿನ್ ಇರಬಹುದು; ಹುರಿದರೂ ಅದು ಪೂರ್ತಿ ನಾಶವಾಗದು.

ಹುಳದ ಕತೆ ಬೇರೆ. ಅಕ್ಕಿಯ ಮೂತಿಹುಳು ಕಾಳನ್ನು ಕೊರೆದು ಒಳಗೆ ಮೊಟ್ಟೆಯಿಟ್ಟು ರಂಧ್ರವನ್ನು ಮುಚ್ಚಿಬಿಡುತ್ತದೆ. ಹೀಗಾಗಿ ಎಷ್ಟೋ ಸಲ ಹುಳ ಡಬ್ಬಿಗೆ ಹೊರಗಿನಿಂದ ಬರುವುದಿಲ್ಲ, ಅಕ್ಕಿಯೊಡನೆಯೇ ಬಂದಿರುತ್ತದೆ. ಬೇವಿನೆಲೆ, ಒಣಮೆಣಸು ಹುಳವನ್ನು ದೂರವಿಡಬಹುದು, ಕಾಳಿನೊಳಗಿನ ಮೊಟ್ಟೆಯ ತನಕ ಅವುಗಳ ಕೈ ಹೋಗದು. ಸಣ್ಣ ಪ್ರಮಾಣವಾದರೆ ನಾಲ್ಕು ದಿನ ಫ್ರೀಜರಿನಲ್ಲಿಟ್ಟು ತೆಗೆಯುವುದು ನಿಶ್ಚಿತ ಉಪಾಯ. ಗೋದಾಮುಗಳಲ್ಲಿ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಬಟ್ಟೆಯಲ್ಲಿ ಸುತ್ತಿ ಮನೆಯ ಅಕ್ಕಿ ಡ್ರಮ್ಮಿಗೆ ಹಾಕುವವರೂ ಇದ್ದಾರೆ. ತೇವ ತಾಗಿದೊಡನೆ ಅದು ಫಾಸ್ಫೀನ್ ಎಂಬ ಘೋರ ವಿಷಾನಿಲವನ್ನು ಬಿಡುತ್ತದೆ. ಮಕ್ಕಳು ಮಲಗುವ ಮನೆಯೊಳಗೆ ಅದು ಬರಲೇಕೂಡದು.

ಇನ್ನು ಉಪ್ಪು. 1930ರ ಏಪ್ರಿಲ್ 13ರಂದು ಉಪ್ಪಿನ ಕಾನೂನನ್ನು ಮುರಿದ ಅಂಕೋಲೆಯವರಿಗೆ ಉಪ್ಪಿನ ವಿಷಯ ಹೇಳಹೊರಡುವುದು ಅಧಿಕಪ್ರಸಂಗವೇ. ಆದರೂ ಗಮನಿಸಿ: ಗೋಕರ್ಣದ ಬಳಿಯ ಸಾಣಿಕಟ್ಟೆಯ ಹರಳುಪ್ಪು ಮಳೆಗಾಲದಲ್ಲಿ ನೀರೊಸರುತ್ತದೆ, ಆ ನೀರು ಸ್ಟೀಲನ್ನೂ ಚುಕ್ಕೆಚುಕ್ಕೆಯಾಗಿ ತಿನ್ನುತ್ತದೆ. ಅದಕ್ಕೆ ಮರಿಗೆ ಅಥವಾ ಭರಣಿಯೇ ಸರಿ. ಅಯೋಡಿನ್ ಸೇರಿಸಿದ ಪುಡಿಯುಪ್ಪು ತೇವಕ್ಕೆ ತೆರೆದಿದ್ದರೆ ತನ್ನ ಅಯೋಡಿನ್ನನ್ನು ಕಳೆದುಕೊಳ್ಳುತ್ತಾ ಹೋಗುತ್ತದೆ. ಅದಕ್ಕೆ ಬಿಗಿ ಮುಚ್ಚಳದ ಗಾಜಿನ ಬಾಟಲಿ ಬೇಕು. ಒಂದೇ ಉಪ್ಪಿಗೆ ಎರಡು ಪಾತ್ರೆ! ಹುಣಸೆ, ಮುರುಗಲು, ಉಪ್ಪಿನಕಾಯಿಗಳಿಗೂ ಗಾಜು ಅಥವಾ ಪಿಂಗಾಣಿಯನ್ನೇ ನೆಚ್ಚಬೇಕು. ಪ್ಲಾಸ್ಟಿಕ್ಕನ್ನು ಪೂರ್ತಿ ಬಹಿಷ್ಕರಿಸುವುದು ನಮ್ಮಂಥವರಿಗೆ ಸಾಧ್ಯವಾಗದ ಮಾತು. ಕೊಳ್ಳುವಾಗ ಬುಡವನ್ನು ತಿರುಗಿಸಿ ನೋಡಿ. ತ್ರಿಕೋನದೊಳಗೆ 5 ಎಂದಿದ್ದರೆ ಪಾಲಿಪ್ರೊಪಿಲೀನ್, 2 ಎಂದಿದ್ದರೆ ಗಟ್ಟಿ ಪಾಲಿಥೀನ್. ಆಹಾರಕ್ಕೆಂದೇ ಮಾಡಿದ್ದಾದರೆ ಎರಡೂ ಒಣ ಪದಾರ್ಥಕ್ಕೆ ಆದೀತು. ಖಾಲಿಯಾದ ಬಣ್ಣದ ಬಕೆಟ್ಟಿನಲ್ಲಿ ಅಕ್ಕಿ ತುಂಬುವ ಮನೆಗಳನ್ನು ನಾನು ಕಂಡಿದ್ದೇನೆ. ಆ ಬಕೆಟ್ಟು ಗಿಡ ನೆಡುವುದಕ್ಕೆ ಚೆಂದ. ಹಪ್ಪಳದ ನಡುವೆ ಪತ್ರಿಕೆಯ ಹಾಳೆ ಹಾಕುವುದೂ ಬೇಡ. ಆಹಾರ ಕಟ್ಟಲು ಮುದ್ರಿತ ಪತ್ರಿಕೆಯನ್ನು ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮ ಹೇಳುತ್ತದೆ. ಪತ್ರಿಕೆಯಲ್ಲೇ ಇದನ್ನು ಬರೆಯಬೇಕಾಗಿ ಬಂದಿದೆ, ಇರಲಿ.

ಇಷ್ಟೆಲ್ಲ ಹೇಳಿದ ಮೇಲೂ ಎತ್ತರದ ಮಾತು ಉಳಿಯುತ್ತದೆ. 2019ರ ಆಗಸ್ಟಿನಲ್ಲಿ ಕಾಳಿ, ಗಂಗಾವಳಿ ನದಿಗಳು ಉಕ್ಕಿ ಕಾರವಾರ, ಅಂಕೋಲಾ ತಾಲ್ಲೂಕುಗಳ ದಂಡೆಯ ಹಳ್ಳಿಗಳಿಗೆ ನುಗ್ಗಿದವು. 2021ರ ಜುಲೈಯಲ್ಲಿ ಮತ್ತೆ ನುಗ್ಗಿದವು. ನೀರು ಇಳಿದ ಮೇಲೆ ಗಂಗಾವಳಿ ದಂಡೆಯ ಪರಿಚಿತರ ಮನೆಗೆ ಹೋಗಿದ್ದೆ. ಅಡುಗೆಮನೆಯಲ್ಲಿ ಅಕ್ಕಿಯ ಡ್ರಮ್ಮು ಮಗುಚಿ ಬಿದ್ದಿತ್ತು. ಕೆಳಗಿನ ಕಪಾಟಿನಲ್ಲಿದ್ದ ಬೇಳೆ, ಮೆಣಸು, ವರ್ಷದ ಉಪ್ಪಿನಕಾಯಿ ಎಲ್ಲವೂ ಕೆಸರಿನ ಪಾಲು. ಭಾರದ್ದು ಕೆಳಗೆ, ಹಗುರದ್ದು ಮೇಲೆ ಎಂಬುದು ಅಡುಗೆಮನೆಯ ಸರ್ವಮಾನ್ಯ ನಿಯಮ. ಅಲ್ಲಿ ಆ ನಿಯಮವೇ ಮನೆಯವರ ನಾಲ್ಕು ತಿಂಗಳ ಊಟವನ್ನು ತೆಗೆದುಕೊಂಡು ಹೋಗಿತ್ತು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಹೆದ್ದಾರಿ ದಿನಗಟ್ಟಲೆ ಮುಚ್ಚಿತು. ಮನೆಯಲ್ಲಿ ದಾಸ್ತಾನು ಇಡುವುದು ಹಳೆಕಾಲದವರ ಗೀಳೆಂದು ನಗುತ್ತಿದ್ದವರು ಆ ದಿನಗಳಲ್ಲಿ ನಗಲಿಲ್ಲ.

ಆ ಪರಿಚಿತರು ಈಗ ಅಡುಗೆಮನೆಯ ಗೋಡೆಗೆ ಎದೆಯೆತ್ತರದಲ್ಲಿ ಕಲ್ಲುಹಾಸು ಕೂರಿಸಿದ್ದಾರೆ. ಒಂದೇ ದೊಡ್ಡ ಡ್ರಮ್ಮಿನ ಬದಲು ಐದೈದು ಕಿಲೋ ಹಿಡಿಯುವ, ಬಿಗಿ ಮುಚ್ಚಳದ, ಹಿಡಿಕೆಯಿರುವ ಡಬ್ಬಿಗಳು ಅದರ ಮೇಲೆ ಸಾಲಾಗಿ ಕುಳಿತಿವೆ. ಒಂದೊಂದನ್ನು ಒಬ್ಬ ಹೆಂಗಸು ಒಂದೇ ಕೈಯಲ್ಲಿ ಎತ್ತಿಕೊಂಡು ನಡೆಯಬಲ್ಲಳು. ಅವುಗಳ ಬಣ್ಣ ಒಂದಕ್ಕೊಂದು ಹೊಂದುವುದಿಲ್ಲ.