ಕೆರೆಯ ಹನಿಯಲ್ಲಿ ಒಂದೇ ಒಂದು ಕೋಶ

ಕಲ್ಯಾಣಿಯ ಮೆಟ್ಟಿಲಲ್ಲಿ ಕಾಲು ಜಾರಿದಾಗ ನಾವು ಪಾಚಿಗೆ ಬೈಯುವುದೇ ಹೆಚ್ಚು. ಆದರೆ ಹಸಿರುಗಟ್ಟಿದ ಕೆರೆಯ ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿ. ದುಂಡನೆಯ ಕ್ಲೋರೆಲ್ಲಾ, ನಾಲ್ಕು ನಾಲ್ಕಾಗಿ ಅಂಟಿಕೊಂಡ ಸೆನೆಡೆಸ್ಮಸ್, ದೋಣಿಯಂಥ ಡಯಾಟಮ್, ಅಲ್ಲೊಂದು ಜಾತ್ರೆಯೇ ನೆರೆದಿರುತ್ತದೆ. ಆ ಜಾತ್ರೆಯಿಂದ ಒಂದೇ ಜೀವವನ್ನು ಕೈಹಿಡಿದು ಹೊರತರುವುದು ಸೂಕ್ಷ್ಮಪಾಚಿ ಬೇರ್ಪಡಿಸುವವರ ಕೆಲಸ.

ಮೊದಲು ಕೆರೆನೀರನ್ನು ಲವಣಗಳ ದ್ರಾವಣಕ್ಕೆ ಬೆರೆಸಿ ಬೆಳಕಿನಲ್ಲಿಡುತ್ತಾರೆ. ಬಹಳ ಕಡೆ ಬಳಸುವ ಬಿಜಿ-11 ದ್ರಾವಣದಲ್ಲಿ ಲೀಟರಿಗೆ 1.5 ಗ್ರಾಂ ಸೋಡಿಯಂ ನೈಟ್ರೇಟ್ ಇರುತ್ತದೆ. ಡಯಾಟಮ್ ಬೇಡವೆಂದರೆ ಚಿಟಿಕೆಗಿಂತ ಕಡಿಮೆ ಜರ್ಮೇನಿಯಂ ಡೈಆಕ್ಸೈಡ್ ಸಾಕು, ಸಿಲಿಕಾದ ಚಿಪ್ಪು ಕಟ್ಟಲಾಗದೆ ಅವು ಸೊರಗುತ್ತವೆ.

ಕೈಚಳಕ ಬೇಕಾಗುವುದು ಆಮೇಲೆ. ಗಾಜಿನ ಕೊಳವೆಯನ್ನು ಉರಿಗೆ ಹಿಡಿದು, ಮೆತ್ತಗಾದೊಡನೆ ಎಳೆದರೆ ಕೂದಲೆಳೆಯಂಥ ತುದಿ ಬರುತ್ತದೆ. ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ ಆ ತುದಿಯಲ್ಲಿ ಒಂದೇ ಕೋಶವನ್ನು ಹೀರಿ, ಶುದ್ಧ ದ್ರಾವಣದ ಹನಿಗೆ ಬಿಡಬೇಕು. ಅಲ್ಲಿಂದ ಇನ್ನೊಂದು ಹನಿಗೆ, ಮತ್ತೊಂದಕ್ಕೆ. ಹೀಗೆ ತೊಳೆತೊಳೆದು ಜೊತೆಗೆ ಬಂದ ಬ್ಯಾಕ್ಟೀರಿಯಾ ಕಳೆಯಬೇಕು. ಕೈ ನಡುಗಿದರೆ ಮತ್ತೆ ಮೊದಲಿನಿಂದ. ಇನ್ನು ಕೆಲವರು ಅಗರ್ ತಟ್ಟೆಯ ಮೇಲೆ ತಂತಿಯ ಕುಣಿಕೆಯಿಂದ ಗೆರೆ ಎಳೆದು, ವಾರಗಟ್ಟಲೆ ಕಾದು, ಸಾಸಿವೆಗಿಂತ ಚಿಕ್ಕ ಹಸಿರು ಚುಕ್ಕೆಗಳನ್ನು ಹೆಕ್ಕುತ್ತಾರೆ.

ಹೀಗೆ ದಕ್ಕಿದ್ದನ್ನು ಸಾಕುವುದು ಬೇರೆಯದೇ ಪಾಠ. ಬೆಳಕು, ಶಾಖ, ಪಿಎಚ್, ಸಾರಜನಕಗಳನ್ನು ಏರಿಸಿ ಇಳಿಸಿ, ಕೋಶಗಳನ್ನು ಎಣಿಸುತ್ತಾ ಹೋಗಬೇಕು. ಸಾರಜನಕ ಕಡಿಮೆ ಮಾಡಿದರೆ ಎಷ್ಟೋ ಪಾಚಿಗಳು ಬೆಳೆಯುವುದನ್ನು ನಿಲ್ಲಿಸಿ ಒಡಲಲ್ಲಿ ಕೊಬ್ಬು ತುಂಬಿಕೊಳ್ಳುತ್ತವೆ. ಹಾಗಾಗಿ ಪಾಚಿಯಿಂದ ನಮಗೆ ಎಣ್ಣೆ ಬೇಕೋ ಪ್ರೋಟೀನ್ ಬೇಕೋ ಎಂಬುದು ಮೊದಲೇ ತೀರ್ಮಾನವಾಗಬೇಕು.

ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) 1970ರ ದಶಕದಿಂದಲೇ ಪಾಚಿ ಬೆಳೆಸಿದೆ. ಸ್ಪಿರುಲಿನಾ ಎಂಬ ನೀಲಿ-ಹಸಿರು ಪಾಚಿಯ ಮೇಲಿನ ಅಲ್ಲಿನ ಕೆಲಸ ಹೆಸರುವಾಸಿ. ಆದರೆ ಬೆಳೆಸಲು ಬೇರೆಡೆಯಿಂದ ತಂದ ತಳಿ ಪ್ರಯೋಗಾಲಯದಲ್ಲಿ ಚೆನ್ನಾಗಿ ಬೆಳೆದರೂ ಬಯಲಿನ ತೊಟ್ಟಿಯಲ್ಲಿ ನಮ್ಮ ಏಪ್ರಿಲ್ ಬಿಸಿಲಿಗೆ ಬಾಡಬಹುದು. ಇಲ್ಲಿನ ಕೆರೆಯ ತಳಿಗೆ ಆ ಬಿಸಿಲು ಹುಟ್ಟಿನಿಂದಲೇ ಪರಿಚಿತ. ಹುಡುಕಾಟ ನಮ್ಮೂರ ನೀರಿನಿಂದಲೇ ಶುರುವಾಗಬೇಕು ಎನ್ನುವುದು ಅದಕ್ಕೇ.

ನೆದರ್‌ಲೆಂಡ್ಸ್‌ನ ಡೆಲ್ಫ್ಟ್ ಬಳಿಯ ಕೊಳವೊಂದರಿಂದ 1889ರಲ್ಲಿ ವಿಜ್ಞಾನಿ ಬೈಯರಿಂಕ್ ಬೇರ್ಪಡಿಸಿದ ಕ್ಲೋರೆಲ್ಲಾದ ಸಂತತಿ ಜರ್ಮನಿಯ ಗಟಿಂಗೆನ್ ಸಂಗ್ರಹದಲ್ಲಿ ಇಂದಿಗೂ ಜೀವಂತವಾಗಿದೆ. ಹಾಗೆ ಉಳಿಯಬಲ್ಲ ಜೀವ ನಿಮ್ಮೂರ ಕೆರೆಯಲ್ಲೂ ಇರಬಹುದು; ಅದು ಬಡಾವಣೆಯಾಗುವ ಮುನ್ನ ಕೆರೆಯ ಒಂದು ಶೀಷೆ ನೀರು ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ತಲುಪಲಿ.